ಟಿಸಿ ಕೈಗೆ ಬರುವ ಮುನ್ನ

ಏಳನೇ ತರಗತಿ ಮುಗಿಸಿದ ಮಗುವನ್ನು ಯಾವ ಹೈಸ್ಕೂಲಿಗೆ ಸೇರಿಸಬೇಕೆಂದು ಯೋಚಿಸುತ್ತಿರುವ ಅಪ್ಪ-ಅಮ್ಮಂದಿರಿಗಾಗಿ ಈ ಬರಹ. ಐದು ವರ್ಷ ಕಳೆದು ಕಾಲೇಜಿನ ಅರ್ಜಿ ತುಂಬುವಾಗ ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗುವುದು ಈ ದಿನಗಳಲ್ಲೇ.

ಮೇ ತಿಂಗಳ ಕೊನೆಯ ವಾರ. ಒಂದೆರಡು ಮಳೆ ಬಿದ್ದು ಜನರ ಗಮನವೆಲ್ಲ ಹೊಲದ ಕಡೆ ಹರಿಯುವ ಹೊತ್ತು. ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹೆಡ್‌ಮಾಸ್ಟರ ಕೊಠಡಿ ಮುಂದೆ ಆಗ ನಾಲ್ಕಾರು ಅಪ್ಪಂದಿರು ನಿಂತಿರುತ್ತಾರೆ. ಮಗಳೋ ಮಗನೋ ಏಳನೇ ತರಗತಿ ಮುಗಿಸಿಯಾಗಿದೆ, ಟಿಸಿ ಬೇಕು. ಹೆಡ್‌ಮಾಸ್ಟರು ದಾಖಲಾತಿ ಪುಸ್ತಕ ತೆಗೆದು, ಹುಟ್ಟಿದ ದಿನಾಂಕ ನೋಡಿ, ಸಹಿ ಹಾಕಿ, ಸೀಲು ಒತ್ತಿ ಕೊಡುತ್ತಾರೆ. ಅರ್ಧ ಗಂಟೆಯ ಕೆಲಸ. ಅಪ್ಪ ಅದನ್ನು ಮಡಚಿ ಅಂಗಿ ಜೇಬಿಗಿಟ್ಟು ಬೈಕ್ ಹತ್ತುತ್ತಾನೆ.

ಎಂಟು ವರ್ಷದ ಹಿಂದೆ ನಮ್ಮ ಭಾವನೂ ಹೀಗೇ ಟಿಸಿ ತಂದಿದ್ದರು. ಗುಬ್ಬಿ ತಾಲ್ಲೂಕಿನ ಹಳ್ಳಿ. ಊರಲ್ಲಿ ಏಳರವರೆಗೆ ಕನ್ನಡ ಶಾಲೆ, ನಾಲ್ಕು ಕಿಲೋಮೀಟರ್ ಆಚೆ ಸರ್ಕಾರಿ ಹೈಸ್ಕೂಲು. ಮಗಳು ಓದಿನಲ್ಲಿ ಚುರುಕು. ‘ಇವಳನ್ನ ತುಮಕೂರಲ್ಲೇ ಓದಿಸ್ಬೇಕು, ಇಂಗ್ಲಿಷ್ ಮೀಡಿಯಂಗೆ ಹಾಕ್ಬೇಕು’ ಎಂದು ಅಕ್ಕ-ಭಾವ ಇಬ್ಬರೂ ಕೂತು ತೀರ್ಮಾನ ಮಾಡಿದ್ದರು. ಮನೆಯವರೆಲ್ಲ ಒಪ್ಪಿದೆವು. ನಾನೂ ಒಪ್ಪಿದೆ.

ಐದು ವರ್ಷ ಕಳೆಯಿತು. ಸೈಬರ್ ಸೆಂಟರಿನಲ್ಲಿ ಕೂತು ಅವಳು ಸಿಇಟಿ ಅರ್ಜಿ ತುಂಬುತ್ತಿದ್ದಳು. ಗ್ರಾಮೀಣ ಮೀಸಲಾತಿಯ ಕಾಲಂ ಬಂತು. ಹಳ್ಳಿಯ ಹುಡುಗಿ, ರೈತನ ಮಗಳು, ಸಹಜವಾಗಿ ‘ಹೌದು’ ಎನ್ನಲು ಹೊರಟಳು. ಸೆಂಟರಿನ ಹುಡುಗ ತಡೆದ. ‘ಎಂಟರಿಂದ ಹತ್ತು ಎಲ್ಲಿ ಓದಿದ್ದು? ತುಮಕೂರಲ್ಲಾ? ಹಂಗಾದ್ರೆ ಬರಲ್ಲ.’ ಮುಂದಿನ ಕಾಲಂ ಕನ್ನಡ ಮಾಧ್ಯಮದ್ದು. ಅದಕ್ಕೂ ಅದೇ ಉತ್ತರ. ಹಿಂದೆ ನಿಂತಿದ್ದ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಏಳು ವರ್ಷ ಹಳ್ಳೀಲೇ ಓದವ್ಳಲ್ಲ, ಅದು ಲೆಕ್ಕಕ್ಕಿಲ್ವಾ?’

ಲೆಕ್ಕಕ್ಕಿರಲಿಲ್ಲ. ಅವಳ ಅಂಕ ಚೆನ್ನಾಗಿಯೇ ಇತ್ತು, ಸೀಟೂ ಸಿಕ್ಕಿತು. ಆದರೆ ಬಯಸಿದ ಕಾಲೇಜು, ಬಯಸಿದ ಬ್ರಾಂಚು ಕೂದಲೆಳೆಯಲ್ಲಿ ತಪ್ಪಿದವು. ಮನೆಗೆ ಬರುವಾಗ ಭಾವ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ‘ನಾನು ಸೇರಿಸಿದ್ದು ತಪ್ಪು ಅಂತಲ್ಲ. ಆದ್ರೆ ಟಿಸಿ ತಗೊಂಡ ದಿನ ಯಾರಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?’

ಆ ಒಂದು ಮಾತನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಹತ್ತು ವರ್ಷದ ಲೆಕ್ಕ

ಕರ್ನಾಟಕದಲ್ಲಿ ಸಿಇಟಿ ಮೂಲಕ ಹಂಚುವ ವೃತ್ತಿಪರ ಸೀಟುಗಳಲ್ಲಿ ಶೇ 15ರಷ್ಟು ಗ್ರಾಮೀಣ ವಿದ್ಯಾರ್ಥಿಗಳಿಗೆ, ಶೇ 5ರಷ್ಟು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲು. ಆಯಾ ಮೀಸಲಾತಿ ವರ್ಗಗಳ ಒಳಗೇ ಈ ಪಾಲು ಸಿಗುತ್ತದೆ. ಎರಡಕ್ಕೂ ಇರುವ ಷರತ್ತು ಒಂದೇ ಬಗೆಯದು. ಗ್ರಾಮೀಣ ಕೋಟಾ ಬೇಕಿದ್ದರೆ ಒಂದನೇ ತರಗತಿಯಿಂದ ಹತ್ತನೇ ತರಗತಿವರೆಗೆ, ಪೂರ್ತಿ ಹತ್ತು ವರ್ಷ, ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮದ ಕೋಟಾ ಬೇಕಿದ್ದರೆ ಆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಒಂಬತ್ತು ವರ್ಷ ಓದಿ ಒಂದು ವರ್ಷ ತಪ್ಪಿದರೂ ಇಲ್ಲ. ಗ್ರಾಮೀಣ ಕೋಟಾ ಕೇಳುವ ಸಾಮಾನ್ಯ ವರ್ಗದವರಿಗೆ ಕೆನೆಪದರದ ನಿಯಮವೂ ಇದೆ.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಮಗು ರಾತ್ರಿ ಮಲಗುವುದು ಹಳ್ಳಿಯಲ್ಲೇ ಇರಬಹುದು, ಅಪ್ಪನ ಪಹಣಿ ಅಲ್ಲಿಯದೇ ಇರಬಹುದು. ಲೆಕ್ಕಕ್ಕೆ ಬರುವುದು ಶಾಲೆ ಇರುವ ಜಾಗ. ಬೆಳಿಗ್ಗೆ ಶಾಲಾ ವ್ಯಾನು ಹತ್ತಿ ಪಟ್ಟಣಕ್ಕೆ ಹೋಗಿ ಸಂಜೆ ಹಳ್ಳಿಗೆ ಮರಳುವ ಮಗು ಈ ನಿಯಮದ ಮುಂದೆ ಪಟ್ಟಣದ ವಿದ್ಯಾರ್ಥಿ. ಹಾಗೆಯೇ, 2019ರಿಂದ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾಗಿವೆ. ಶಾಲೆ ಸರ್ಕಾರಿಯೇ ಆದರೂ ಮಗು ಇಂಗ್ಲಿಷ್ ಮಾಧ್ಯಮದ ವಿಭಾಗದಲ್ಲಿ ಕೂತರೆ ಕನ್ನಡ ಮಾಧ್ಯಮದ ಕೋಟಾ ಸಿಗುವುದಿಲ್ಲ.

ಇಂಥ ವರ್ಷಗಳ ಲೆಕ್ಕ ಬೇರೆ ಕಡೆಗಳಲ್ಲೂ ಇದೆ. ರಾಜ್ಯದ ಸರ್ಕಾರಿ ಸೀಟಿಗೆ ಅರ್ಹತೆ ಪಡೆಯುವ ಸಾಮಾನ್ಯ ದಾರಿಯೆಂದರೆ ಒಂದರಿಂದ ಎರಡನೇ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ಎರಡನೇ ಪಿಯುಸಿಯನ್ನು ಇಲ್ಲೇ ಪಾಸಾಗಿರುವುದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆಂದು ಶೇ 25ರಷ್ಟು ಸೀಟುಗಳಿವೆ. ಅದಕ್ಕೆ ರಾಜ್ಯದಲ್ಲಿ ಹತ್ತು ವರ್ಷ ಓದಿರಬೇಕು. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯಡಿ ಆ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರ ಪಾಲಿದೆ. ಅದಕ್ಕೆ ಉಪವಿಭಾಗಾಧಿಕಾರಿ ಕೊಡುವ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರ ಬೇಕು. ಕಾಸರಗೋಡು, ಸೊಲ್ಲಾಪುರ, ಜತ್ತದಂಥ ಗಡಿಯಾಚೆಯ ಕನ್ನಡಿಗರ ಮಕ್ಕಳಿಗೂ ಸಿಇಟಿಯ ಬಾಗಿಲು ತೆರೆದಿದೆ. ಅವರು 50 ಅಂಕದ ಕನ್ನಡ ಭಾಷಾ ಪರೀಕ್ಷೆ ಬರೆದು ಕನಿಷ್ಠ 12 ಅಂಕ ಪಡೆಯಬೇಕು. ಅಲ್ಲಿನ ಮನೆಯೊಂದರಲ್ಲಿ ಮಗು ಕನ್ನಡ ಓದಲು ಬರೆಯಲು ಕಲಿತರೆ ಅದು ಮುಂದೆ ಈ ರೀತಿಯಲ್ಲೂ ಕೈಹಿಡಿಯುತ್ತದೆ.

ಹಾಗಾದರೆ ಪಟ್ಟಣಕ್ಕೆ ಸೇರಿಸಲೇಬಾರದೇ? ಹಾಗೆ ನಾನು ಹೇಳಲಾರೆ. ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರ ಹುದ್ದೆಯೇ ಖಾಲಿ ಇದ್ದರೆ, ಮಗಳು ಕತ್ತಲಲ್ಲಿ ನಾಲ್ಕು ಕಿಲೋಮೀಟರ್ ನಡೆದು ಬರಬೇಕಿದ್ದರೆ, ಶೇ 15ರ ಆಸೆಗೆ ಕಟ್ಟುಬಿದ್ದು ಕೂರುವುದು ಜಾಣತನವಲ್ಲ. ಆದರೆ ಆ ಶಾಲೆಯಲ್ಲಿ ಒಳ್ಳೆಯ ಮೇಷ್ಟ್ರುಗಳಿದ್ದೂ, ‘ನಾಲ್ಕು ಜನ ಸೇರಿಸ್ತಾರೆ, ನಾವೂ ಸೇರಿಸೋಣ’ ಎಂದು ಹೊರಟರೆ, ಕೈಲಿದ್ದದ್ದನ್ನು ಗೊತ್ತಿಲ್ಲದೇ ಬಿಟ್ಟುಕೊಟ್ಟಂತೆ. ತಿಳಿದು ಬಿಡುವುದು ಬೇರೆ, ತಿಳಿಯದೇ ಕಳೆದುಕೊಳ್ಳುವುದು ಬೇರೆ.

ಎಂಟರಲ್ಲಿ ಮಾತ್ರ ಬರುವ ಪರೀಕ್ಷೆ

ಎಂಟನೇ ತರಗತಿಯಲ್ಲಿ ಒಂದೇ ಸಲ ಬರೆಯಬಹುದಾದ ಪರೀಕ್ಷೆಯೊಂದಿದೆ. ಶಾಲೆಗಳಲ್ಲಿ ಅದನ್ನು ಎನ್‌ಎಂಎಂಎಸ್ ಎನ್ನುತ್ತಾರೆ; ಕೇಂದ್ರ ಸರ್ಕಾರ 2008ರಲ್ಲಿ ಶುರುಮಾಡಿದ ವಿದ್ಯಾರ್ಥಿವೇತನ. ಇದರಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ ಒಟ್ಟು 48,000 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ದೇಶದಾದ್ಯಂತ ವರ್ಷಕ್ಕೆ ಒಂದು ಲಕ್ಷ ಮಕ್ಕಳಿಗೆ ಇದು ಮೀಸಲು.

ಷರತ್ತುಗಳು ಸರಳ. ಮಗು ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಓದುತ್ತಿರಬೇಕು. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ 5ರ ರಿಯಾಯಿತಿ. ಎರಡು ಪತ್ರಿಕೆ, ಒಂದೊಂದರಲ್ಲಿ 90 ಪ್ರಶ್ನೆ. ಒಂದು ಬುದ್ಧಿಸಾಮರ್ಥ್ಯದ್ದು, ಇನ್ನೊಂದು ಪಾಠದ್ದು. ಅನುದಾನರಹಿತ ಖಾಸಗಿ ಶಾಲೆಗೆ ಹೋದ ಮಗುವಿಗೆ ಈ ಅವಕಾಶ ಇಲ್ಲ. ನವೋದಯ, ಕೇಂದ್ರೀಯ ವಿದ್ಯಾಲಯ, ಸರ್ಕಾರಿ ವಸತಿ ಶಾಲೆಯ ಮಕ್ಕಳಿಗೂ ಇಲ್ಲ.

ದುಡ್ಡಿನಷ್ಟೇ ದೊಡ್ಡದು ಇನ್ನೊಂದಿದೆ. ಬದಲಿ ಉತ್ತರಗಳಲ್ಲಿ ಸರಿಯಾದುದನ್ನು ಆರಿಸುವ, ಒಎಂಆರ್ ಹಾಳೆಯಲ್ಲಿ ಗುಂಡು ತುಂಬುವ, ಗಡಿಯಾರ ನೋಡುತ್ತಾ ಬರೆಯುವ ಅಭ್ಯಾಸ ಸರ್ಕಾರಿ ಶಾಲೆಯ ಮಗುವಿಗೆ ಮೊದಲು ಸಿಗುವುದು ಹೆಚ್ಚಾಗಿ ಇಲ್ಲೇ. ಎಷ್ಟೋ ಶಾಲೆಗಳಲ್ಲಿ ಮೇಷ್ಟ್ರುಗಳು ಬೆಳಿಗ್ಗೆ ಒಂದು ಗಂಟೆ ಮುಂಚೆ ಬಂದು, ತಮ್ಮ ಕೈಯಿಂದ ಜೆರಾಕ್ಸ್ ಮಾಡಿಸಿ, ಇದಕ್ಕಾಗಿ ಪಾಠ ಹೇಳುತ್ತಾರೆ. ಅಂಥ ಮೇಷ್ಟ್ರು ಇರುವ ಹೈಸ್ಕೂಲು ನಿಮ್ಮೂರ ಹತ್ತಿರ ಇದ್ದರೆ, ಶಾಲೆ ಆರಿಸುವಾಗ ಕಟ್ಟಡದ ಬಣ್ಣಕ್ಕಿಂತ ಆ ಸಂಗತಿಗೆ ಹೆಚ್ಚು ಬೆಲೆ ಕೊಡಿ.

ಬೇಕಾದದ್ದು ಬುನಾದಿ

ಈಗ ಎಂಟನೇ ತರಗತಿಗೇ ‘ಫೌಂಡೇಶನ್’ ಎಂಬ ಹೆಸರಿನಲ್ಲಿ ಕೋಚಿಂಗ್ ಶುರುವಾಗಿದೆ. ಹದಿಮೂರು ವರ್ಷದ ಮಗು ಬೆಳಿಗ್ಗೆ ಶಾಲೆ, ಸಂಜೆ ಕೋಚಿಂಗ್, ಭಾನುವಾರ ಟೆಸ್ಟ್ ಎಂದು ಓಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಸಾಲ ಮಾಡಿ ಅದಕ್ಕೆ ದುಡ್ಡು ಕಟ್ಟುವ ಅಪ್ಪ-ಅಮ್ಮಂದಿರಿದ್ದಾರೆ. ಅವರು ಎರಡು ವಿಷಯ ತಿಳಿದಿರಬೇಕು. ಒಂದು, ನೀಟ್, ಜೆಇಇ, ಸಿಇಟಿ ಪ್ರಶ್ನೆಗಳು ಬರುವುದು ಮೊದಲ ಮತ್ತು ಎರಡನೇ ಪಿಯುಸಿಯ ಪಾಠಗಳಿಂದ. ಎರಡು, ಹದಿನಾರು ತುಂಬದ ಮಕ್ಕಳನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಎಂಟರಿಂದ ಹತ್ತರವರೆಗೆ ಬೇಕಾದದ್ದು ಶಾಲೆಯ ಪಾಠವೇ, ಆದರೆ ಗಟ್ಟಿಯಾಗಿ ಬೇಕು. ಎಂಟರಲ್ಲಿ ಬೀಜಗಣಿತದ ಸಮೀಕರಣ ಅರ್ಥವಾಗದೇ ಹಾಗೇ ಮುಂದೆ ಸಾಗಿದ ಮಗುವಿಗೆ ಹತ್ತರಲ್ಲಿ ವರ್ಗ ಸಮೀಕರಣ ಕಷ್ಟ, ಪಿಯುಸಿಯಲ್ಲಿ ಭೌತಶಾಸ್ತ್ರವೇ ಕಷ್ಟ. ಭೌತಶಾಸ್ತ್ರ ಕೈಕೊಟ್ಟಿತು ಎಂದು ಮಕ್ಕಳು ಅಳುವಾಗ ಬಹಳ ಸಲ ಕೈಕೊಟ್ಟಿರುವುದು ಎಂಟು-ಒಂಬತ್ತನೇ ತರಗತಿಯ ಗಣಿತ. ಹೈಸ್ಕೂಲಿನಲ್ಲಿ ಗಣಿತ-ಭೌತಶಾಸ್ತ್ರಕ್ಕೆ ಪಿಸಿಎಂ ಮೇಷ್ಟ್ರು, ರಸಾಯನಶಾಸ್ತ್ರ-ಜೀವಶಾಸ್ತ್ರಕ್ಕೆ ಸಿಬಿಝಡ್ ಮೇಷ್ಟ್ರು ಎಂದು ಬೇರೆ ಬೇರೆಯವರು ಸಿಗುತ್ತಾರೆ. ಗೊತ್ತಾಗಲಿಲ್ಲ ಸಾರ್, ಇನ್ನೊಂದು ಸಲ ಹೇಳಿ ಎಂದು ಕೇಳುವ ಧೈರ್ಯವನ್ನು ಮಗುವಿಗೆ ಮನೆಯಲ್ಲಿ ಕಲಿಸಿದರೆ ಸಾವಿರಾರು ರೂಪಾಯಿಯ ಕೋಚಿಂಗಿಗೆ ಸಮ.

ಕನ್ನಡ ಮಾಧ್ಯಮದ ಮಕ್ಕಳಿಗೆ ನಿಜವಾದ ಕಂದಕ ಎದುರಾಗುವುದು ಮೊದಲ ಪಿಯುಸಿ ವಿಜ್ಞಾನದಲ್ಲಿ. ಹತ್ತರಲ್ಲಿ 625ಕ್ಕೆ 600 ಅಂಕ ತೆಗೆದ ಮಗು, ಇಂಗ್ಲಿಷಿನಲ್ಲಿ ನಡೆಯುವ ಪಾಠ ಕೇಳಿ ಮೊದಲ ತಿಂಗಳೇ ಮಂಕಾಗುತ್ತದೆ. ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ದ್ಯುತಿಸಂಶ್ಲೇಷಣೆ ಚೆನ್ನಾಗಿ ಬಲ್ಲ ಹುಡುಗಿಗೆ ಫೋಟೋಸಿಂಥೆಸಿಸ್ ಎಂದರೆ ಅದೇ ಎಂದು ಹೊಳೆಯುವ ಹೊತ್ತಿಗೆ ಪಾಠ ಎರಡು ಪುಟ ಮುಂದೆ ಹೋಗಿರುತ್ತದೆ. ಇದಕ್ಕೆ ಮದ್ದು ಮಾಧ್ಯಮ ಬದಲಿಸುವುದೊಂದೇ ಅಲ್ಲ. ಎಂಟನೇ ತರಗತಿಯಿಂದಲೇ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಎರಡು ಸಾಲು ಮಾಡಿ, ಕನ್ನಡದ ಪಾರಿಭಾಷಿಕ ಪದದ ಎದುರು ಇಂಗ್ಲಿಷ್ ಪದ ಬರೆದುಕೊಳ್ಳುತ್ತಾ ಹೋದರೆ ಸಾಕು. ದಿನಕ್ಕೆ ಐದು ಪದ. ಮೂರು ವರ್ಷದಲ್ಲಿ ಕಂದಕದ ಮೇಲೆ ಸೇತುವೆ ತಾನಾಗಿ ಕಟ್ಟಿರುತ್ತದೆ. ನೀಟ್ ಮತ್ತು ಜೆಇಇ ಮೇನ್ ಎರಡನ್ನೂ ಕನ್ನಡದಲ್ಲೇ ಬರೆಯಬಹುದು ಎಂಬುದೂ ನೆನಪಿರಲಿ.

ಇನ್ನು ಓದು. ಪಠ್ಯಪುಸ್ತಕದ ಆಚೆಗೆ ವಾರಕ್ಕೊಂದು ಪುಸ್ತಕ, ದಿನಕ್ಕೊಂದು ಪತ್ರಿಕೆ ಓದುವ ಮಗುವಿಗೆ ಪ್ರಶ್ನೆಪತ್ರಿಕೆಯ ಉದ್ದ ವಾಕ್ಯ ಹೆದರಿಕೆ ಹುಟ್ಟಿಸುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ವಿಷಯಗಳಿಗೆ ನೂರು ನೂರು. ‘ಕನ್ನಡ ತಾನೇ, ಕೊನೇಲಿ ಓದಿದ್ರಾಯ್ತು’ ಎನ್ನುವ ಮನೆಗಳಲ್ಲಿ ಈ ಲೆಕ್ಕವನ್ನು ಗೋಡೆಗೆ ಬರೆದಿಡಬೇಕು.

ಹತ್ತರ ಆಚೆಯ ಕವಲು

ನಮ್ಮಲ್ಲಿ ‘ಮುಂದೇನು’ ಎಂದು ಮಗುವನ್ನು ಕೇಳಿದರೆ ಬರುವ ಉತ್ತರ ಎರಡೇ: ಡಾಕ್ಟರ್, ಎಂಜಿನಿಯರ್. ಮಗುವಿಗೆ ಬೇರೆ ದಾರಿ ಇಷ್ಟವಿಲ್ಲವೆಂದಲ್ಲ, ದಾರಿಯ ಹೆಸರೇ ಕಿವಿಗೆ ಬಿದ್ದಿಲ್ಲ. ಎಂಟನೇ ತರಗತಿ ಆ ಹೆಸರುಗಳನ್ನು ಕಿವಿಗೆ ಹಾಕುವ ಕಾಲ.

ವಿಜ್ಞಾನವನ್ನು ವಿಜ್ಞಾನಕ್ಕಾಗಿಯೇ ಪ್ರೀತಿಸುವ ಮಗುವಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ಇದೆ. ಮೇಷ್ಟ್ರಾಗುವ ಆಸೆಯಿದ್ದರೆ 1963ರಲ್ಲಿ ಶುರುವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪದವಿ ಮತ್ತು ಬಿ.ಇಡಿ. ಒಟ್ಟಿಗೆ ಓದಬಹುದು. ಲೆಕ್ಕಪತ್ರ ಇಷ್ಟವಿದ್ದರೆ ವಾಣಿಜ್ಯ ಪಿಯುಸಿ ಮುಗಿಸಿ ಸಿಎ ಫೌಂಡೇಶನ್ ಬರೆಯಬಹುದು. ಹೆಸರು ನೋಂದಾಯಿಸಲು ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. ಚಿತ್ರ ಬರೆಯುವ ಮಗುವಿಗೆ ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆ. ರೈತರ ಮಕ್ಕಳಿಗೆ ಕೃಷಿ ಪದವಿಯಲ್ಲಿ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಬೀಜ, ಕಳೆ, ಗೊಬ್ಬರ, ಉಪಕರಣ ಗುರುತಿಸಬೇಕು. ಅಪ್ಪನ ಜತೆ ಹೊಲಕ್ಕೆ ಹೋಗಿದ್ದು ಅಂಕವಾಗಿ ಮರಳುವುದು ಅಲ್ಲೇ.

ಪಿಯುಸಿಯೊಂದೇ ದಾರಿಯೂ ಅಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ ಓದಿ, ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಐಟಿಐ ಮುಗಿಸಿದವರೂ ಡಿಪ್ಲೊಮಾ ಎರಡನೇ ವರ್ಷಕ್ಕೆ ಹೋಗಬಹುದು. ಕೈಕೆಲಸದಲ್ಲಿ ಆಸಕ್ತಿ ಇರುವವರಿಗೆ 1972ರಲ್ಲಿ ಶುರುವಾದ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಒಳ್ಳೆಯ ತರಬೇತಿ ಕೊಡುತ್ತದೆ. ಮಗು ಬೇಗ ದುಡಿಯಬೇಕಾದ ಮನೆಗಳಲ್ಲಿ ಈ ದಾರಿ ಪದವಿಯ ಕನಸನ್ನೂ ಉಳಿಸುತ್ತದೆ, ಅನ್ನವನ್ನೂ ಕೊಡುತ್ತದೆ.

ಪಿಯುಸಿ ವಿಜ್ಞಾನಕ್ಕೆ ಹೋಗುವವರಿಗೊಂದು ಮಾತು. ನೀಟ್‌ಗೆ ಗಣಿತ ಬೇಕಿಲ್ಲ, ಹೀಗಾಗಿ ಕೆಲವರು ಗಣಿತ ಬಿಡುತ್ತಾರೆ. ಬಿಟ್ಟರೆ ಎಂಜಿನಿಯರಿಂಗ್, ಆರ್ಕಿಟೆಕ್ಚರ್, ವಿಜ್ಞಾನ ಸಂಸ್ಥೆಯ ಆ ಪದವಿ ಎಲ್ಲವೂ ಮುಚ್ಚಿದಂತೆ. ಜೀವಶಾಸ್ತ್ರ ಬಿಟ್ಟರೆ ವೈದ್ಯಕೀಯ, ಕೃಷಿ ದೂರವಾಗುತ್ತವೆ. ಪಿಸಿಎಂಬಿ ನಾಲ್ಕನ್ನೂ ಹೊರುವುದು ಭಾರ, ಆದರೆ ಮನಸ್ಸು ಗಟ್ಟಿಯಾಗದ ಮಗುವಿಗೆ ಎರಡೂ ಕಡೆಯ ದಾರಿ ಉಳಿಸುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ. ಪಿಯುಸಿ ಬರೀ ಪಾಸಾದರೆ ಸಾಕು ಎನ್ನುವ ಮಾತನ್ನು ನಂಬಿ ಕೆಟ್ಟವರಿದ್ದಾರೆ.

ಒಂದು ಫೈಲು, ಒಂದು ಪಾಸ್‌ಬುಕ್

ಜೂನ್ ತಿಂಗಳಲ್ಲಿ ಯಾವ ನಾಡಕಚೇರಿಗೆ ಹೋದರೂ ಕಾಲಿಡಲು ಜಾಗವಿರುವುದಿಲ್ಲ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಸಾಲು. ನಾಳೆ ಕೊನೇ ದಿನ ಎಂದು ಇವತ್ತು ಓಡಿ ಬಂದವರೇ ಅರ್ಧ. ಈ ಓಟವನ್ನು ತಪ್ಪಿಸಲು ಎಂಟನೇ ತರಗತಿಯಲ್ಲಿ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಫೈಲು ತಂದು ಮಗುವಿನ ಹೆಸರು ಬರೆದಿಡಿ.

ಮೊದಲು ಹೆಸರು. ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ, ಶಾಲೆಯ ದಾಖಲೆಯಲ್ಲಿ ಮುಂದೆ, ಬ್ಯಾಂಕಿನಲ್ಲಿ ಇನಿಶಿಯಲ್ಲೇ ಇಲ್ಲ. ಅಪ್ಪನ ಹೆಸರು ಒಂದು ಕಡೆ ‘ಗೌಡ’, ಇನ್ನೊಂದು ಕಡೆ ‘ಯ್ಯ’. ವಿದ್ಯಾರ್ಥಿವೇತನದ ಅರ್ಜಿ ತಿರಸ್ಕೃತವಾಗಲು ಇಷ್ಟು ಸಾಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು, ಜನ್ಮದಿನಾಂಕ ಅಚ್ಚಾದ ಮೇಲೆ ಅದನ್ನು ತಿದ್ದಿಸುವುದು ದೊಡ್ಡ ಅಲೆದಾಟ. ಎಂಟು-ಒಂಬತ್ತರಲ್ಲೇ ಎಲ್ಲವನ್ನೂ ಅಕ್ಕಪಕ್ಕ ಇಟ್ಟು ನೋಡಿ, ತಪ್ಪಿದ್ದರೆ ಸರಿಪಡಿಸಿಕೊಳ್ಳಿ.

ನಂತರ ಜಾತಿ, ಆದಾಯ ಪ್ರಮಾಣಪತ್ರ. ಅದರ ಮೇಲಿರುವ ಆರ್‌ಡಿ ನಂಬರೇ ವಿದ್ಯಾರ್ಥಿವೇತನಕ್ಕೂ ಸಿಇಟಿಗೂ ಬೇಕಾದದ್ದು. ಆದಾಯ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಮುಗಿಯುವ ದಿನವನ್ನು ಫೈಲಿನ ಮೇಲೆ ಬರೆದಿಡಿ. ಶಾಲೆ ಬದಲಿಸಿದಾಗಲೆಲ್ಲ ಆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಪಡೆದಿಡಿ. ಮಗುವಿನ ಸ್ಯಾಟ್ಸ್ ನಂಬರು, ಆಧಾರ್ ಜೋಡಿಸಿದ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯೂ ಇರಲಿ. ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್-ಗೈಡ್ಸ್‌ನಲ್ಲಿ ಸಿಕ್ಕ ಪ್ರಮಾಣಪತ್ರಗಳಿಗೂ ಇದೇ ಜಾಗ. ಅವುಗಳಿಗೂ ಸಿಇಟಿಯಲ್ಲಿ ವಿಶೇಷ ಪ್ರವರ್ಗಗಳಿವೆ.

ದುಡ್ಡಿನ ವಿಷಯದಲ್ಲೂ ಐದು ವರ್ಷ ಒಂದು ಒಳ್ಳೆಯ ಅವಧಿ. ಅಂಚೆ ಕಚೇರಿಯ ಆವರ್ತ ಠೇವಣಿ (ಆರ್‌ಡಿ) ಖಾತೆ ಐದು ವರ್ಷದ್ದು, ತಿಂಗಳಿಗೆ ನೂರು ರೂಪಾಯಿಯಿಂದ ಕಟ್ಟಬಹುದು. ಎಂಟನೇ ತರಗತಿಯ ಜೂನ್‌ನಲ್ಲಿ ಶುರುಮಾಡಿದರೆ ಎರಡನೇ ಪಿಯುಸಿ ಮುಗಿದು ಕಾಲೇಜಿಗೆ ಶುಲ್ಕ ಕಟ್ಟುವ ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತದೆ. ತಿಂಗಳಿಗೆ 500 ಕಟ್ಟಿದರೂ ಬಡ್ಡಿ ಬಿಟ್ಟು 30,000. ಮಗಳ ಹೆಸರಿನಲ್ಲಿ ಮೊದಲೇ ಸುಕನ್ಯಾ ಸಮೃದ್ಧಿ ಖಾತೆ ತೆರೆದಿದ್ದವರು ಹತ್ತನೇ ತರಗತಿ ಮುಗಿದ ಮೇಲೆ ಓದಿಗಾಗಿ ಅದರ ಶೇ 50ರವರೆಗೆ ತೆಗೆಯಬಹುದು.

ಸೀಟು ಸಿಕ್ಕ ಮೇಲೆ ನೆರವಾಗುವ ಏರ್ಪಾಡುಗಳೂ ಇವೆ. ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಎಂಬ ಶೇ 5ರ ಹೆಚ್ಚುವರಿ ಸೀಟುಗಳಿದ್ದು, ಕುಟುಂಬದ ಆದಾಯ ಎಂಟು ಲಕ್ಷದೊಳಗಿದ್ದರೆ ಬೋಧನಾ ಶುಲ್ಕದ ವಿನಾಯಿತಿ ಸಿಗುತ್ತದೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ನಿಗಮಗಳ ‘ಅರಿವು’ ಸಾಲವಿದೆ. ಹತ್ತು ಮತ್ತು ಹನ್ನೆರಡನ್ನು ಸರ್ಕಾರಿ ಶಾಲೆ-ಕಾಲೇಜಿನಲ್ಲೇ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಿದೆ. ಇಲ್ಲೂ ಗಮನಿಸಿ, ಎಲ್ಲಿ ಓದಿದೆ ಎಂಬ ಪ್ರಶ್ನೆ ಮತ್ತೆ ಬಂತು.

ಹೆಣ್ಣುಮಕ್ಕಳ ದಾರಿ

ಊರಿನ ಶಾಲೆ ಏಳಕ್ಕೆ ಮುಗಿದರೆ, ಎಂಟನೇ ತರಗತಿ ಎಂದರೆ ಹುಡುಗಿ ಊರ ಗಡಿ ದಾಟುವ ದಿನ. ಹತ್ತಾದ ಮೇಲೆ ಪಿಯು ಕಾಲೇಜು ಇನ್ನೂ ದೂರ, ತಾಲ್ಲೂಕು ಕೇಂದ್ರದಲ್ಲಿ. ‘ಇಷ್ಟು ಓದಿದ್ದು ಸಾಕು’ ಎಂಬ ಮಾತು ಮನೆಗಳಲ್ಲಿ ಏಳುವುದು ಈ ಎರಡು ತಿರುವುಗಳಲ್ಲಿ. ದೂರ ಎಂಬ ಕಾರಣದ ಹಿಂದೆ ಮದುವೆಯ ಲೆಕ್ಕವೂ ಅಡಗಿರುವುದುಂಟು.

ಯೋಜನೆ ಮೊದಲೇ ಇದ್ದರೆ ಈ ಮಾತಿಗೆ ಉತ್ತರ ಸಿದ್ಧವಿರುತ್ತದೆ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಪ್ರಯಾಣ 2023ರ ಜೂನ್‌ನಿಂದ ಉಚಿತ. ತಾಲ್ಲೂಕು ಕೇಂದ್ರಗಳಲ್ಲಿ ಬಿಸಿಎಂ, ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲುಗಳಿವೆ. ಎಂಟನೇ ತರಗತಿಯಲ್ಲೇ ಅಮ್ಮ ಮಗಳನ್ನು ಕರೆದುಕೊಂಡು ಹೋಗಿ ಆ ಹಾಸ್ಟೆಲನ್ನು, ಕಾಲೇಜಿನ ಗೇಟನ್ನು ಒಂದು ಸಲ ತೋರಿಸಿ ಬರಲಿ. ಕಣ್ಣಾರೆ ಕಂಡ ಜಾಗದ ಬಗ್ಗೆ ಭಯ ಕಡಿಮೆ, ಮಗಳಿಗೂ ಅಮ್ಮನಿಗೂ.

ಪೆನ್ಸಿಲಿನಲ್ಲಿ ಬರೆಯಿರಿ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಯೋಜನೆಯನ್ನು ಪೆನ್ಸಿಲಿನಲ್ಲೇ ಬರೆಯಿರಿ, ಏಕೆಂದರೆ ನಿಯಮಗಳು ಬದಲಾಗುತ್ತವೆ. ವಿಜ್ಞಾನದ ಮಕ್ಕಳ ಹೆಮ್ಮೆಯಾಗಿದ್ದ ಕೆವಿಪಿವೈ ವಿದ್ಯಾರ್ಥಿವೇತನ 2022ರಲ್ಲಿ ನಿಂತಿತು. ರಾಜ್ಯದ ಕಾಲೇಜುಗಳಿಗೆ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರು ವರ್ಷವಾಯಿತು. ಒಂದು ಮುಖ್ಯ ಪರೀಕ್ಷೆ, ಒಂದು ಪೂರಕ ಪರೀಕ್ಷೆ ಎಂದಿದ್ದ ಎಸ್ಸೆಸ್ಸೆಲ್ಸಿಗೆ 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ ಬಂತು. ಹೀಗಾಗಿ ಪ್ರತಿ ವರ್ಷ ಸಿಇಟಿ ಮಾಹಿತಿ ಪುಸ್ತಕ ಬಂದಾಗ, ಮಗು ಇನ್ನೂ ಒಂಬತ್ತರಲ್ಲಿದ್ದರೂ, ಶಾಲೆಯ ಯಾರಾದರೂ ಮೇಷ್ಟ್ರ ಜತೆ ಕೂತು ಒಮ್ಮೆ ಓದಿ ನೋಡಬೇಕು.

ಬದಲಾಗುವುದು ನಿಯಮವಷ್ಟೇ ಅಲ್ಲ, ಮಗುವೂ. ಎಂಟರಲ್ಲಿ ಪೊಲೀಸ್ ಆಗುತ್ತೇನೆ ಎಂದ ಹುಡುಗ ಹತ್ತರಲ್ಲಿ ಅಡುಗೆಯವನಾಗುತ್ತೇನೆ ಎಂದರೆ ಅದು ಬೆಳವಣಿಗೆ. ಐದು ವರ್ಷದ ಯೋಜನೆ ಮಗುವನ್ನು ಕಟ್ಟಿಹಾಕುವ ಹಗ್ಗವಾಗಬಾರದು. ಮಗು ಮನಸ್ಸು ಬದಲಿಸಿದ ದಿನವೂ ಎದುರಿಗೆ ನಾಲ್ಕು ದಾರಿ ಉಳಿದಿರಬೇಕು. ಆ ದಾರಿಗಳನ್ನು ಕಾಪಾಡುವುದಷ್ಟೇ ದೊಡ್ಡವರ ಕೆಲಸ, ನಡೆಯುವುದು ಮಗುವಿಗೆ ಬಿಟ್ಟಿದ್ದು.

ಒಂದು ಮಾತು ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಗೌರಿಬಿದನೂರು ಬಳಿಯ ಹೊಸೂರಿನ ಬಡ ಹುಡುಗನೊಬ್ಬನಿಗೆ ಊರಲ್ಲಿ ಹೈಸ್ಕೂಲು ಇರಲಿಲ್ಲ. ಬೆಂಗಳೂರಿಗೆ ಬಾ, ಓದು ಎಂದು ಅವನಿಗೆ ಧೈರ್ಯ ಕೊಟ್ಟವರು ಹಳ್ಳಿಯಲ್ಲಿ ಪಾಠ ಹೇಳಿದ್ದ ಮೇಷ್ಟ್ರು. ಪ್ರಯಾಣಕ್ಕೆ ಕಾಸಿಲ್ಲದ ಹುಡುಗ 1935ರಲ್ಲಿ ಎರಡು ದಿನ ನಡೆದು ಬಂದು ನ್ಯಾಷನಲ್ ಹೈಸ್ಕೂಲು ಸೇರಿದ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್.ನರಸಿಂಹಯ್ಯ ಅವರೇ ಆ ಹುಡುಗ. ನಡೆಯುವ ಛಲ ಹುಡುಗನದು. ಆದರೆ ದಾರಿ ಇದೆ ಎಂದು ಹೇಳಿದ ಮೇಷ್ಟ್ರು ಇಲ್ಲದಿದ್ದರೆ ಆ ಕಾಲು ಯಾವ ಕಡೆ ನಡೆಯಬೇಕಿತ್ತು?

ಮತ್ತೆ ಅದೇ ಕೊಠಡಿ ಮುಂದೆ

ಹೋದ ವರ್ಷ ಮೇ ತಿಂಗಳಲ್ಲಿ ಭಾವನ ತಮ್ಮನ ಮಗ ಏಳನೇ ತರಗತಿ ಮುಗಿಸಿದ. ಭಾವ ಫೋನ್ ಮಾಡಿ, ‘ಸ್ವಲ್ಪ ಬಂದು ಹೋಗಪ್ಪ, ಕೂತು ಮಾತಾಡೋಣ’ ಎಂದರು. ಹೋದೆ. ನಡುಮನೆಯಲ್ಲಿ ನೂರು ಪುಟದ ನೋಟ್‌ಬುಕ್, ಪೆನ್ಸಿಲು, ಹೊಸ ಪ್ಲಾಸ್ಟಿಕ್ ಫೈಲು. ಈಗ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳು ರಜೆಗೆ ಬಂದಿದ್ದಳು. ಕಾಲಂ ಎಳೆಯುತ್ತಿದ್ದವಳು ಅವಳೇ. ಊರ ಹತ್ತಿರದ ಹೈಸ್ಕೂಲಿನಲ್ಲಿ ಗಣಿತಕ್ಕೆ, ವಿಜ್ಞಾನಕ್ಕೆ ಮೇಷ್ಟ್ರು ಇದ್ದಾರಾ ಎಂದು ಭಾವ ಖುದ್ದಾಗಿ ಹೋಗಿ ವಿಚಾರಿಸಿ ಬಂದಿದ್ದರು. ಇದ್ದಾರೆ. ಎನ್‌ಎಂಎಂಎಸ್‌ಗೆ ತಯಾರಿ ಮಾಡಿಸುತ್ತಾರಾ? ಮಾಡಿಸುತ್ತಾರೆ.

ಎಲ್ಲ ಮುಗಿದ ಮೇಲೆ ಅವಳು ತಮ್ಮನನ್ನು ಕೇಳಿದಳು: ‘ನಿಂಗೇನು ಇಷ್ಟ ಹೇಳೋ?’ ಹುಡುಗ ನಾಚುತ್ತಾ, ‘ಮೋಟ್ರು ಬಿಚ್ಚಿ ರಿಪೇರಿ ಮಾಡೋದು’ ಎಂದ. ಅವಳು ಪೆನ್ಸಿಲಿನಲ್ಲಿ ಬರೆದುಕೊಂಡಳು. ಪಕ್ಕದಲ್ಲಿ ಪಾಲಿಟೆಕ್ನಿಕ್, ಜಿಟಿಟಿಸಿ, ಪಿಸಿಎಂಬಿ ಎಂದು ಮೂರೂ ಬರೆದಳು.

ಮರುದಿನ ಟಿಸಿ ತರಲು ನಾವು ಶಾಲೆಗೆ ಹೋದೆವು. ಹೆಡ್‌ಮಾಸ್ಟರ ಕೊಠಡಿ ಮುಂದೆ ನಾಲ್ಕಾರು ಅಪ್ಪಂದಿರು ನಿಂತಿದ್ದರು. ಒಬ್ಬರು ಮಗಳನ್ನು ಪಟ್ಟಣಕ್ಕೆ ಸೇರಿಸುವ ಮಾತಾಡುತ್ತಿದ್ದರು. ಭಾವ ಸ್ವಲ್ಪ ಹೊತ್ತು ಕೇಳಿಸಿಕೊಂಡು ಅವರ ಹತ್ತಿರ ಹೋದರು.

‘ಸೇರಿಸಣ್ಣ, ಬೇಡ ಅನ್ನಲ್ಲ. ಆದ್ರೆ ಒಂದು ವಿಷಯ ತಿಳ್ಕೊಂಡು ಸೇರಿಸು. ಅವರು ಕೇಳೋದು ಹತ್ತು ವರ್ಷ. ಏಳು ಸಾಲಲ್ಲ.’